ದೊಡ್ಡ ಟೈರಿನ ಜೀಪು ಎರೆಹೊಲಕ್ಕೆ ಹೋದದ್ದು

ಸೇಡಂನ ನಮ್ಮ ಓಣಿಯ ನಾಯಿಗಳು ನನ್ನ ಜೀಪನ್ನು ಏಳೆಂಟು ವರ್ಷ ಬೆನ್ನಟ್ಟಿದವು. ದೊಡ್ಡ ಟೈರು ಹಾಕಿಸಿಕೊಂಡು ಬಂದ ದಿನ ಮಾತ್ರ ಎದ್ದು ನಿಂತು ಒಮ್ಮೆ ನೋಡಿ, ತೆಪ್ಪಗೆ ಮತ್ತೆ ಮಲಗಿದವು. ಅದನ್ನು ನಾನು ಮರ್ಯಾದೆ ಎಂದುಕೊಂಡೆ.

"ಅವು ಗುರ್ತು ಹಿಡೀಲಿಲ್ಲ, ಅಷ್ಟೇ" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. "ನಂಗೂ ಗುರ್ತು ಸಿಗಲಿಲ್ಲ. ಯಾರದೋ ಟ್ರ್ಯಾಕ್ಟರ್ ಬಂತಂತ ಮಾಡಿದ್ದೆ."

ಆರನೆಯ ತರಗತಿಗೇ ಶಾಲೆಯಿಂದ ಎದ್ದು ಬಂದವನು ನಾನು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಯಲ್ಲಿ ಕಲ್ಲು ಹೊತ್ತೆ, ಲಾರಿಯಲ್ಲಿ ಕ್ಲೀನರಾದೆ, ಅದೇ ಲಾರಿಯ ಸ್ಟೇರಿಂಗ್ ಹಿಡಿದೆ. ತೊಂಬತ್ತರ ದಶಕದ ನಡುವಿನಲ್ಲಿ ಮಿಲಿಟರಿ ಹರಾಜಿನಿಂದ ಕೈ ಬದಲಾಗಿ ಬಂದ ಒಂದು ಹಳೆಯ ಜೀಪು ನನ್ನದಾಯಿತು. ನಾಲ್ಕೂ ಗಾಲಿ ಎಳೆಯುವ ಜೀಪು. ವಾಡಿ, ರಾವೂರ, ಚಿತ್ತಾಪುರದ ಸುತ್ತಿನ ಖಣಿಗಳಿಗೆ ಅಳತೆ ಮಾಡುವ ಸಾಹೇಬರನ್ನು ಒಯ್ಯುವುದು ನನ್ನ ಕೆಲಸ. ಬಸ್ಸು ಹೋಗದ ಕಡೆ, ಬುದ್ಧಿವಂತರು ಹೋಗದ ಕಡೆ ನಾನು ಹೋಗುತ್ತಿದ್ದೆ. ಯಾರ ಹಂಗೂ ಇರಲಿಲ್ಲ. ಈ ಮಾತನ್ನು ನಾನು ದಿನಕ್ಕೆ ಒಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದೆ. ಕೇಳುವವರು ಸಿಗದಿದ್ದರೆ ಜೀಪಿನಲ್ಲಿ ಕೂತ ಸಾಹೇಬರಂತೂ ಎಲ್ಲಿಗೂ ಓಡಿಹೋಗುವಂತಿರಲಿಲ್ಲ.

ಆ ಜೀಪಿಗೆ ಇದ್ದದ್ದು ಆರರ ಟೈರು, ಅಂದರೆ ಆರು ಇಂಚು ಅಗಲದ್ದು. ತೆಳ್ಳಗೆ, ಉದ್ದಗೆ, ಉಪವಾಸ ಬಿದ್ದವರ ಹಾಗೆ ಕಾಣುತ್ತಿತ್ತು. ಅದರ ಬಗ್ಗೆ ನನಗೇನೂ ತಕರಾರು ಇರಲಿಲ್ಲ, ಒಂದು ದಿನ ರಾವೂರದ ಖಣಿಯಲ್ಲಿ ಆ ಇನ್ನೊಂದು ಗಾಡಿ ಬರುವವರೆಗೆ.

ಕಲ್ಲಿನ ಚಕ್ಕೆ ಬಡಿದು ನನ್ನ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ಜಾಕು ಏರಿಸಿ ಬೆವರು ಒರೆಸಿಕೊಳ್ಳುತ್ತಿದ್ದೆ. ಎಲ್ಲಿಂದಲೋ ಸರ್ವೆಗೆ ಬಂದಿದ್ದ ಹೊಸ ಗಾಡಿಯೊಂದು ನನ್ನ ಪಕ್ಕದ ಕಲ್ಲುಗುಡ್ಡೆಯನ್ನು ಹತ್ತಿ, ಆ ಕಡೆ ಇಳಿದು ನಿಂತಿತು. ಅದರ ಟೈರಿನ ಎತ್ತರ ನನ್ನ ಸೊಂಟದ ಹತ್ತಿರ. ಮೈತುಂಬ ಗಂಟು ಗಂಟು. ಬೂಟು ಹಾಕಿದ ಡ್ರೈವರ್ ಇಳಿದು ಬಂದು ನನ್ನ ಗಾಲಿಯನ್ನು ನೋಡಿ, ಬಹಳ ವಿನಯದಿಂದ ಕೇಳಿದ.

"ಅಣ್ಣ, ಇದಕ್ಕೆ ಆಟೋ ಟೈರ್ ಹಾಕಿಸಿದ್ದೀರಾ?"

ಅವನು ಬೆಂಗಳೂರು ಕಡೆಯವನು. ಕುಹಕದಿಂದ ಕೇಳಿದ್ದರೆ ನಾನು ತಕ್ಕ ಉತ್ತರ ಕೊಡುತ್ತಿದ್ದೆ. ಅವನು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ಅದು ನನಗೆ ಮೂರು ರಾತ್ರಿ ನಿದ್ದೆ ಕೊಡಲಿಲ್ಲ.

ನಾಲ್ಕನೆಯ ದಿನ ಶಹಾಬಾದದ ಟೈರಿನ ಉಸ್ತಾದರ ಅಂಗಡಿಯಲ್ಲಿದ್ದೆ. ಬಿಳಿ ಗಡ್ಡದ ಹಿರಿಯ ಮನುಷ್ಯ. ಸುತ್ತ ನಾಲ್ಕು ತಾಲ್ಲೂಕಿನ ಗಾಲಿಗಳೆಲ್ಲ ಒಮ್ಮೆಯಾದರೂ ಅವರ ಕೈಯಲ್ಲಿ ಬಿಚ್ಚಿಕೊಂಡವೇ. ಗೋಡೆಗೆ ಒರಗಿಸಿದ ಟೈರುಗಳಲ್ಲಿ ಒಂದನ್ನು ನಾನು ದೂರದಿಂದಲೇ ಆರಿಸಿದ್ದೆ, ಮದುವೆಗೆ ಹೆಣ್ಣು ನೋಡಲು ಹೋದವನು ಬಾಗಿಲಲ್ಲೇ ಒಪ್ಪಿಗೆ ಕೊಟ್ಟ ಹಾಗೆ. ಏಳೂವರೆಯದು. ಅಂಗೈಯಗಲದ ಗಂಟುಗಳು. ಗಂಟಿನ ನಡುವೆ ನನ್ನ ಮೂರು ಬೆರಳು ಇಳಿಯುವಷ್ಟು ಸಂದು.

ಉಸ್ತಾದರು ಟೈರನ್ನು ನೋಡಲಿಲ್ಲ. ಜೀಪಿನ ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, ಹಳೆಯ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಕಿ ಬೆರಳಿನಿಂದ ಅಳೆದರು.

"ಈಗ ಆರು ಬೆರಳು ಜಾಗ ಅದ. ಏಳೂವರೆ ಹಾಕಿದ್ರ ನಾಕು ಬೆರಳು ಉಳೀತದ. ಬ್ಯಾಡ ಭಾಯಿ, ಆರರದೇ ಹೊಸಾವು ಹಾಕ್ಕೊಂಡು ಹೋಗ್ರಿ."

"ನಾಕು ಬೆರಳು ಸಾಲೂದಿಲ್ಲೇನ್ರಿ? ಗಾಲಿ ತಿರಗಲಿಕ್ಕ ಒಂದು ಬೆರಳು ಸಾಕು."

"ಗಾಲಿಗಿ ಸಾಕು. ಮಣ್ಣಿಗಿ?"

"ಯಾವ ಮಣ್ಣು?"

"ನಿಮ್ಮ ಬೀಗರು ಎಲ್ಲಿಯವರು?"

"ಐನಾಪುರ, ಚಿಂಚೋಳಿ ತಾಲ್ಲೂಕು."

"ಅದೇ ಮಣ್ಣು. ಎರಿ, ಕರೀ ಜಿಗಟು ಮಣ್ಣು."

ನಾನು ಟೈರಿನ ಮೇಲಿನ ಕಂಪನಿಯ ಕಾಗದವನ್ನು ತೋರಿಸಿದೆ. ಅದರಲ್ಲಿದ್ದ ಇಂಗ್ಲಿಷನ್ನು ನಾನು ಆಗಲೇ ಅಂಗಡಿಯ ಲೆಕ್ಕಿಗನಿಂದ ಓದಿಸಿಕೊಂಡಿದ್ದೆ. "ಎಲ್ಲಾ ನೆಲಕ್ಕೂ ನಡೀತದಂತ ಬರದಾರ ನೋಡ್ರಿ."

"ಬರದವ ಚಿಂಚೋಳಿಗಿ ಬಂದಿದ್ದನೇನು?" ಎಂದರು ಉಸ್ತಾದರು. "ಕಲ್ಲಿಗಿ ಚಲೋ ಅದ, ಉಸುಕಿಗಿ ಚಲೋ ಅದ. ಎರಿಗಿ ದೊಡ್ಡ ಪಾದ ಬ್ಯಾಡ. ನಿಮಗ ನಾ ಏನು ಹೇಳೂದು?"

"ಏನೂ ಹೇಳಬ್ಯಾಡ್ರಿ, ಹಾಕ್ರಿ."

ಹಾಕಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬೇಡವೆಂದರೂ ಜಿಲೇಬಿ ಕೇಳುವ ಮಧುಮೇಹದವನಿಗೆ ಕಟ್ಟಿಕೊಡುವ ಮಿಠಾಯಿಯವನ ಮುಖ ಹೇಗಿರುತ್ತದೋ ಹಾಗಿತ್ತು.

ಹೊಸ ಟೈರಿನ ಮೇಲೆ ಜೀಪು ಎತ್ತರವಾಯಿತು, ಅದರೊಳಗೆ ಕೂತ ನಾನೂ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜಿ ಗರ್ರೆನ್ನುತ್ತಿತ್ತು. ಹಾಗಾಗಿ ಪೂರ್ತಿ ತಿರುಗಿಸುವುದನ್ನು ಬಿಟ್ಟೆ. ನಮ್ಮ ಓಣಿಯಲ್ಲಿ ಜೀಪು ಹೊರಳಿಸಲು ಮೊದಲು ಎರಡು ಸಲ ಹಿಂದೆ-ಮುಂದೆ ಮಾಡಿದರೆ ಸಾಕಿತ್ತು, ಈಗ ಆರು ಸಲ. "ಜನ ನೋಡಲಿ ಅಂತ ಮಾಡ್ತಾರ" ಎಂದು ಹೆಂಡತಿ ನೆರೆಯವರಿಗೆ ಹೇಳಿದಳಂತೆ. ಅದು ಅರ್ಧ ಸತ್ಯವೇ.

ಇನ್ನೊಂದು ಚಮತ್ಕಾರ ನಡೆಯಿತು. ಸೇಡಂನಿಂದ ಚಿತ್ತಾಪುರದ ದಾರಿ ನನ್ನ ಮೀಟರಿನಲ್ಲಿ ಮೊದಲಿಗಿಂತ ಕಡಿಮೆ ಬರತೊಡಗಿತು. ವಾಡಿಯೂ ಹತ್ತಿರವಾಯಿತು. ಟೈರಿನ ಶಕ್ತಿಯೇ ಹಾಗೆ, ದಾರಿಯನ್ನೇ ನುಂಗುತ್ತದೆ ಎಂದು ನಾನು ಒಬ್ಬ ಸಾಹೇಬರ ಮುಂದೆ ಕೊಚ್ಚಿಕೊಂಡೆ. ಅವರು ನಗದೆ ವಿವರಿಸಿದರು: ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಸುತ್ತುಗಳನ್ನಷ್ಟೇ ಎಣಿಸುತ್ತದೆ. ನಾನು ಬಾಡಿಗೆ ಹೇಳುತ್ತಿದ್ದದ್ದು ಅದೇ ಮೀಟರು ನೋಡಿ. ಸುತ್ತಳತೆಯ ಪಾಠ ಏಳನೆಯ ತರಗತಿಯಲ್ಲಿ ಬರುತ್ತದಂತೆ. ಒಂದು ವರ್ಷ ಮುಂಚೆ ಎದ್ದು ಬಂದದ್ದಕ್ಕೆ ಮೊದಲ ಸಲ ಸ್ವಲ್ಪ ಮುಜುಗರವಾಯಿತು.

ಹಳೆಯ ಟೈರುಗಳ ಮಾತು ಹೇಳಬೇಕು. ಅವುಗಳಲ್ಲಿ ಎರಡನ್ನು ಐನಾಪುರದ ನನ್ನ ಹೆಂಡತಿಯ ತಮ್ಮನಿಗೆ ಕೊಟ್ಟೆ. ಅವನು ಗುಜರಿ ಜೀಪಿನ ಅಚ್ಚು ತಂದು, ಕಮ್ಮಾರನ ಕೈಯಲ್ಲಿ ಎತ್ತಿನ ಗಾಡಿಗೆ ಜೋಡಿಸಿ, ಟೈರಿನ ಬಂಡಿ ಮಾಡುತ್ತಿದ್ದ. ಕೊಟ್ಟದ್ದೂ ಸುಮ್ಮನೆ ಕೊಡಲಿಲ್ಲ.

"ತಗೋ ತಮ್ಮಾ. ನನಗ ಸಣ್ಣವಾದವು, ನಿನ್ನ ಎತ್ತಿಗಿ ನಡೀತಾವ."

ಅವನು "ಆಯ್ತ್ರಿ ಮಾವಾರ" ಎಂದು ನಗುತ್ತ ತೆಗೆದುಕೊಂಡ.

ಆಗ ಕಟ್ಟೆಯ ಮೇಲೆ ನನ್ನ ಅತ್ತೆ ಕೂತಿದ್ದರು. ಹಿಂದೊಮ್ಮೆ ಕಟ್ಟಿಗೆ ಗಾಲಿಯ ಬಂಡಿಯಲ್ಲಿ ಹೊಲಕ್ಕೆ ಹೋಗುವಾಗ ಕುಲುಕಿಗೆ ಅವರ ಸೊಂಟ ಹಿಡಿದಿತ್ತು. ಮಂಡಿ ಮೊದಲೇ ಹೋಗಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದರು, ಹೊಲದವರೆಗೆ ಆಗುತ್ತಿರಲಿಲ್ಲ. ಎರಡು ವರ್ಷದಿಂದ ಅವರು ತಮ್ಮ ಹೊಲ ನೋಡಿರಲಿಲ್ಲ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಹತ್ತಾರು ಕಾಳು-ತರಕಾರಿ ಬೆರೆಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಹೊತ್ತು ಹೋಗಿ, ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿ, ಅಡುಗೆಯನ್ನು ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಭೂಮಿ ಉಂಡ ಮೇಲೆಯೇ ಮನುಷ್ಯರು ಉಣ್ಣುವುದು. ಅತ್ತೆಯ ಮನೆಯಲ್ಲಿ ಆ ಐದು ಕಲ್ಲನ್ನು ಹೊಲದಿಂದ ಆರಿಸುವುದು ಹಿರಿಯ ಹೆಣ್ಣುಮಗಳ ಕೆಲಸ. ಎರಡು ವರ್ಷ ಸೊಸೆ ಆರಿಸಿದ್ದಳು. ಎರಡೂ ಸಲ ಅತ್ತೆ ಮನೆಯಲ್ಲಿ ಒಬ್ಬರೇ ಕೂತು, ಎಲ್ಲರೂ ತಿರುಗಿ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಎಂಥಾ ಕಲ್ಲು ಇಟ್ರಿ?"

"ಈ ಸಲ ನಾ ಹೋಗ್ಬೇಕು" ಎಂದರು ಅತ್ತೆ, ಯಾರಿಗೆಂದು ಹೇಳದೆ.

ಮಗ ಹೇಳಿದ, "ಬಾರಬೇ. ಟೈರಿನ ಬಂಡಿ ಆಗ್ಲಿಕತ್ತದಲ್ಲ. ಅದು ಕುಲಕಂಗಿಲ್ಲ, ಹಾಸಿಗಿ ಹಾಕಿ ಕುಂದ್ರಸ್ತೀನಿ."

ಅಲ್ಲಿಗೆ ನಾನು ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಏನಂದಿ? ನಾ ಬಿಟ್ಟ ಟೈರಿನ ಮ್ಯಾಲ ಅತ್ತೀನ್ನ ಕುಂದ್ರಸ್ತಿಯೇನು? ಅತ್ತಿ, ನೀವು ನನ್ನ ಜೀಪಿನ್ಯಾಗ ಬರ್ತೀರಿ. ಕಾಲಿಗಿ ಮಣ್ಣು ಹತ್ತಲಾರದಂಗ ಜ್ವಾಳದ ನಡುವ ಇಳಸ್ತೀನಿ. ಇದು ನನ್ನ ಮಾತು."

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಜೀಪಿನ ಗಾಲಿ ನೋಡಿದರು. "ಆಯ್ತು ಅಳ್ಯಾರ" ಎಂದರು.

ಆ ವರ್ಷ ಅಮಾವಾಸ್ಯೆಗೆ ಎರಡು ದಿನ ಮುಂಚೆ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಹಬ್ಬದ ಬೆಳಗ್ಗೆ ನಾನೂ ಹೆಂಡತಿಯೂ ಐನಾಪುರ ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಮೇಲೆ ನೋಡಿದರೆ ನೆಲ ಒಣಗಿದ ಹಾಗೆಯೇ ಇತ್ತು. ಎರೆಮಣ್ಣು ಮೇಲೆ ಒಣಗುತ್ತದೆ, ಒಳಗೆ ಒಣಗುವುದಿಲ್ಲ. ಇದು ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನಾನು ಕಲ್ಲಿನ ಸೀಮೆಯವನು.

"ಮಾವಾರ, ಜೀಪು ಇಲ್ಲೇ ಇರಲಿ" ಎಂದ ಹೆಂಡತಿಯ ತಮ್ಮ. "ಅಡಿಗಿ ಇಳಿಸಿ ಬಂಡಿ ತಿರುಗಿ ತರ್ತೀನಿ. ಅವ್ವನ್ನ ಕರಕೊಂಡು ಹೋಗ್ತೀನಿ."

"ನೀ ನಡಿ. ನಾ ನಿನ್ನಕಿಂತ ಮೊದಲು ಅಲ್ಲಿರ್ತೀನಿ."

ಬಂಡಿ ಹೋಯಿತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಬಂದು ನಿಂತರು. ಆಗ ಮೊದಲನೆಯ ಪೇಚು. ಜೀಪಿನ ಮೆಟ್ಟಿಲು ಅವರ ತೊಡೆಯ ಎತ್ತರಕ್ಕಿತ್ತು, ಹತ್ತಲು ಆಗಲಿಲ್ಲ. ನಾನು ತಲೆ ಓಡಿಸಿ, ಜೀಪನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದೆ. ಅತ್ತೆ ಕಟ್ಟೆಯಿಂದ ನೇರವಾಗಿ ಸೀಟಿಗೆ ಕಾಲಿಟ್ಟು ಕೂತರು.

"ನೋಡ್ರಿ, ಅಂಬಾರಿ ಹತ್ತಿದಂಗ ಆಯ್ತೋ ಇಲ್ಲೋ?" ಎಂದೆ.

"ಹತ್ತಿದ್ದು ಖರೆ" ಎಂದರು ಅತ್ತೆ. "ಹೊಲದಾಗ ಕಟ್ಟಿ ಎಲ್ಲಿ ಅದ ಅಳ್ಯಾರ, ಇಳೀಲಿಕ್ಕ?"

ಅದನ್ನು ನಾನು ಯೋಚಿಸಿರಲಿಲ್ಲ.

ಊರು ದಾಟಿ ಹೊಲದ ದಾರಿಗೆ ಇಳಿದೆವು. ಮೊದಲ ಐವತ್ತು ಮಾರು ಜೀಪು ಆನೆಯ ಹಾಗೆ ಹೋಯಿತು. ಅಕ್ಕಪಕ್ಕದ ಹೊಲದವರು ಎದ್ದು ನೋಡಿದರು. ನಾನು ಒಂದು ಕೈ ಹೊರಗಿಟ್ಟೆ, ಅಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಹೊರಗೆ ಹೋಗುತ್ತದೆ. ಆಮೇಲೆ ಸ್ಟೇರಿಂಗ್ ಭಾರವಾಯಿತು. ನಾಲ್ಕೂ ಗಾಲಿಯ ಗೇರು ಹಾಕಿದೆ. ಇಂಜಿನ್ ಹೂಂಕರಿಸಿತು, ಜೀಪು ಇನ್ನೊಂದು ಹತ್ತು ಮಾರು ತೆವಳಿತು, ಕೆಮ್ಮಿತು, ನಿಂತಿತು.

ಇಳಿದು ನೋಡಿದರೆ ಟೈರು ಕಾಣಲೇ ಇಲ್ಲ. ಟೈರಿದ್ದ ಜಾಗದಲ್ಲಿ ನಾಲ್ಕು ಕರಿ ಮಣ್ಣಿನ ಗುಡಾಣಗಳು ಕೂತಿದ್ದವು. ಅಂಗೈಯಗಲದ ಗಂಟುಗಳು, ಮೂರು ಬೆರಳಿನ ಸಂದುಗಳು, ನಾನು ಹೆಮ್ಮೆಯಿಂದ ಎಣಿಸಿದ್ದವೆಲ್ಲ ಒಂದೊಂದು ಮುಷ್ಟಿ ಮಣ್ಣು ಹಿಡಿದು ಮೇಲಕ್ಕೆ ಒಯ್ದು, ಆ ನಾಲ್ಕು ಬೆರಳಿನ ಜಾಗದಲ್ಲಿ ಗಿಡಿದು ತುಂಬಿದ್ದವು. ಮಣ್ಣಿನೊಳಗೆ ದಾರಿಯ ಹುಲ್ಲು, ಕಡ್ಡಿ ಸೇರಿ ಗೋಡೆ ಕಟ್ಟುವ ಕೆಸರಿನಂತಾಗಿತ್ತು. ಎಲ್ಲ ನೆಲಕ್ಕೂ ನಡೆಯುವ ಟೈರು ಈ ನೆಲವನ್ನು ಮೈಮೇಲೆ ಎಳೆದುಕೊಂಡು ಕೂತಿತ್ತು.

ಟೂಲ್ ಬಾಕ್ಸಿನ ಕಬ್ಬಿಣದ ಸಲಾಕೆ ತೆಗೆದು ಕೆರೆಯತೊಡಗಿದೆ. ಮಣ್ಣು ಸಲಾಕೆಗೆ ಹತ್ತಿತು, ಸಲಾಕೆಯಿಂದ ಕೈಗೆ, ಕೈಯಿಂದ ಹಬ್ಬದ ಬಿಳಿ ಅಂಗಿಗೆ. ಎರಡು ಗಾಲಿ ಬಿಡಿಸುವಷ್ಟರಲ್ಲಿ ನೆರಳು ಗಿಡ್ಡವಾಯಿತು. ನಾಲ್ಕೂ ಬಿಡಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಐದು ಮಾರು ಹೋಗಿ ಮತ್ತೆ ಅದೇ ಗುಡಾಣ.

ಮುಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬನ್ನಿಗಿಡದ ಕೆಳಗೆ ನಮ್ಮವರೆಲ್ಲ ಕೂತಿದ್ದರು. ಚರಗ ಚೆಲ್ಲದೆ ಉಣ್ಣುವಂತಿಲ್ಲ. ಅತ್ತೆ ಬಾರದೆ ಕಲ್ಲು ಇಡುವಂತಿಲ್ಲ, ಏಕೆಂದರೆ ಈ ಸಲ ಬರುತ್ತಾರೆಂದು ನಾನೇ ಊರೆಲ್ಲ ಸಾರಿದ್ದೆ. ಕರೆದ ನೆಂಟರು, ಹಸಿದ ಮಕ್ಕಳು, ಎಲ್ಲರೂ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು.

"ರೀ, ಕರೀರಿ ಅವನ್ನ" ಎಂದಳು ಹಿಂದಿನ ಸೀಟಿನಿಂದ ಹೆಂಡತಿ, ಮೆಲ್ಲಗೆ.

"ಇನ್ನೊಂದು ಸಲ ನೋಡ್ತೀನಿ."

"ಎಷ್ಟು ಸಲ ನೋಡ್ತೀರಿ? ಆ ಮಣ್ಣು ನಿಮಗ ಹೆದರೂದಿಲ್ಲ."

ಅತ್ತೆ ಮಾತ್ರ ಕರೆಯಿರಿ ಎನ್ನಲಿಲ್ಲ. ಅವರು ಜೋಳ ನೋಡುತ್ತಿದ್ದರು. ಸೀಟು ಎತ್ತರವಾಗಿದ್ದರಿಂದ ತೆನೆಗಳು ಅವರ ಕಣ್ಣಿನ ಮಟ್ಟಕ್ಕೇ ಇದ್ದವು. ಆಮೇಲೆ, ಹವಾಮಾನದ ಮಾತು ಆಡಿದ ಹಾಗೆ ಹೇಳಿದರು:

"ಬಂಡಿ ಗಾಲಿ ಸಣ್ಣಗ ಯಾಕ ಮಾಡ್ತಿದ್ರು ಗೊತ್ತೇನ್ರಿ ಅಳ್ಯಾರ? ಎರಿ ಅಂದ್ರ ಬಾಯಿಬಡಕ ಬೀಗತಿ ಇದ್ದಂಗ. ಸಣ್ಣಗ ಹಾದು ಹೋಗ್ಬೇಕು. ಪೂರಾ ಕಾಲು ಊರಿ ನಿಂತ್ರ ಬಿಡೂದಿಲ್ಲ."

ಹೇಳಿ, ಸೀರೆಯ ಸೆರಗಿನಿಂದ ಬಿಸಿಲಿಗೆ ಮುಖ ಮುಚ್ಚಿಕೊಂಡರು. ಅವರ ಕೈ ಸೊಂಟದ ಮೇಲಿತ್ತು. ಬಹಳ ಹೊತ್ತು ಕೂತು ನೋಯುತ್ತಿತ್ತು ಎಂದು ಕಾಣುತ್ತದೆ. ನನ್ನ ಮಾತು ಉಳಿಸಲು ಈ ಹೆಣ್ಣುಮಗಳು ಇನ್ನೆಷ್ಟು ಹೊತ್ತು ಸುಮ್ಮನೆ ಕೂಡಬೇಕು? ಸಲಾಕೆ ಕೆಳಗಿಟ್ಟೆ. ಬದುಕಿನಲ್ಲಿ ನಾನು ಹೊತ್ತ ಯಾವ ಕಲ್ಲೂ ಆ ಒಂದು ಕೂಗಿನಷ್ಟು ಭಾರವಿರಲಿಲ್ಲ.

"ತಮ್ಮಾ! ಬಂಡಿ ತಾ!"

ಅವನು ಎತ್ತುಗಳನ್ನು ಬಿಚ್ಚಿಯೇ ಇರಲಿಲ್ಲ. ನಾನು ಕೂಗುವುದು ಅವನಿಗೆ ಗೊತ್ತಿತ್ತು, ಯಾವಾಗ ಎನ್ನುವುದಷ್ಟೇ ಗೊತ್ತಿರಲಿಲ್ಲ.

ಬಂಡಿ ಬಂತು. ನನ್ನ ಎರಡು ಹಳೆಯ ಟೈರು, ಮೇಲೆ ಮಡ್‌ಗಾರ್ಡೇ ಇಲ್ಲ, ಹತ್ತಿದ ಮಣ್ಣು ಹತ್ತಿದ ಹಾಗೆ ಉದುರುತ್ತಿತ್ತು. ಅತ್ತೆಯನ್ನು ಕೆಳಗಿಳಿಸುವುದು ಹೇಗೆ ಎಂದು ನಾನು ತಲೆ ಕೆರೆಯುತ್ತಿರುವಾಗ ಅವನು ಬಂಡಿಯನ್ನು ಜೀಪಿಗೆ ಒತ್ತಿ ನಿಲ್ಲಿಸಿದ. ಬಂಡಿಯ ಹಲಗೆ, ಜೀಪಿನ ಎತ್ತರ ಎರಡೂ ಒಂದೇ ಸಮ ಬಂದವು. ಅತ್ತೆ ಕಟ್ಟೆಯಿಂದ ಜೀಪಿಗೆ ಬಂದ ಹಾಗೆಯೇ ಜೀಪಿನಿಂದ ಬಂಡಿಗೆ ಹೋಗಿ ಹಾಸಿಗೆಯ ಮೇಲೆ ಕೂತರು. ಕಾಲಿಗೆ ಮಣ್ಣು ಹತ್ತಲಿಲ್ಲ. ಆ ದಿನ ದೊಡ್ಡ ಟೈರಿನಿಂದ ಆದ ಒಂದೇ ಒಂದು ಉಪಯೋಗ ಅದು.

ಪಕ್ಕದ ಹೊಲದ ಮುದುಕನೊಬ್ಬ ಬದುವಿನ ಮೇಲೆ ನಿಂತು ಕೂಗಿದ. "ಏನ್ರಿ ಸೇಡಂ ಅಳ್ಯಾರ, ಜೀಪು ಬಿತ್ತಿದ್ರೇನು? ಯಾವಾಗ ಮೊಳಕಿ ಬರ್ತದ?"

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ. ಬಂಡಿಯ ಮೇಲಿಂದ ಅತ್ತೆ ತಿರುಗಿ ಮುದುಕನಿಗೆ ಹೇಳಿದರು.

"ನಗಬ್ಯಾಡೋ ಅಣ್ಣಾ. ನಾ ಈಗ ಕುಂತದ್ದು ಯಾರ ಟೈರಿನ ಮ್ಯಾಲ? ಅವರದೇ. ಹೊಲಕ್ಕ ಮುಟ್ಟಸ್ತೀನಂದಿದ್ರು, ಮುಟ್ಟಿಸ್ಯಾರ."

ಮುದುಕ ನಗುತ್ತಲೇ ಬದುವಿನಿಂದ ಇಳಿದ. ನಾನು ಬಂಡಿಯ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಮುಂದೆ ಕೆಸರಿನಲ್ಲಿ ಎರಡು ಸಣ್ಣ ಗೆರೆ ಮೂಡುತ್ತ ಹೋಗುತ್ತಿದ್ದವು. ಎಡಗಡೆಯದು ರಾವೂರದಲ್ಲಿ ಪಂಕ್ಚರ್ ಆದ ಟೈರಿನದು. ಸವೆದ ಅಂಚಿನಿಂದ ಗುರುತು ಹಿಡಿದೆ.

ಅತ್ತೆ ಬಂಡಿಯನ್ನು ಹೊಲದ ಸುತ್ತ ಒಂದು ಸುತ್ತು ಹೊಡೆಸಿದರು. ಮೇಲೆ ಕೂತೇ ಬೆರಳು ತೋರಿಸಿದರು, ಇದಲ್ಲ, ಅದು, ಅದರ ಪಕ್ಕದ್ದು. ಕಲ್ಲು ಎತ್ತಿ ಅವರ ಕೈಗೆ ಕೊಡುವ ಕೆಲಸ ನನ್ನದು. ಖಣಿಯಲ್ಲಿ ಕಲ್ಲು ಹೊತ್ತವನಿಗೆ ಅಷ್ಟು ತೊಂದರೆ ಕೊಟ್ಟು ಕಲ್ಲು ಆರಿಸಿದವರು ಬೇರೆ ಯಾರೂ ಇಲ್ಲ. ಏಳೆಂಟನ್ನು ಹೊರಳಿಸಿ ನೋಡಿ ವಾಪಸು ಒಗೆದರು. ಐದು ಒಪ್ಪಿಗೆಯಾದ ಮೇಲೆ ಅವನ್ನು ಮಡಿಲಲ್ಲಿ ಇಟ್ಟುಕೊಂಡು ಬನ್ನಿಗಿಡದ ಕೆಳಗೆ ಇಳಿದರು, ಮಗ ಒಂದು ಕಡೆ, ನಾನು ಒಂದು ಕಡೆ ಹಿಡಿದು. ಪೂಜೆಯಾಯಿತು. ಮಗ ಚರಗ ಚೆಲ್ಲಲು ಹೊರಟಾಗ ಕರೆದು ಹೇಳಿದರು.

"ಆ ಜೀಪಿಗೂ ಒಂದು ಹಿಡಿ ಚಲ್ಲೋ. ಅದೂ ನಮ್ಮ ಹೊಲದ ದಾರ್‍ಯಾಗೇ ಬೇರು ಬಿಟ್ಟದ."

ಅವನು ಚೆಲ್ಲಿದ. ಭಜ್ಜಿ ಬಾನೆಟ್ಟಿನ ಮೇಲೆ ಬಿತ್ತು.

ನೆಲ ಒಣಗುವವರೆಗೆ ಜೀಪು ನಾಲ್ಕು ದಿನ ಅಲ್ಲೇ ನಿಂತಿತು. ಕೆಲಸ ಬಿಟ್ಟು ನಾನೂ ಐನಾಪುರದಲ್ಲಿ ಉಳಿದೆ. ಚರಗಕ್ಕೆ ಬಂದ ಹಕ್ಕಿಗಳು ಪಕ್ಕದ ಜೋಳಕ್ಕೂ ಬಾಯಿ ಹಾಕತೊಡಗಿದ್ದರಿಂದ ನಾನು ಜೀಪಿನ ಸೀಟಿನ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದೆ. "ಟೈರು ದೊಡ್ಡವು ಹಾಕಿದ್ದು ಚಲೋ ಆಯ್ತು ನೋಡ್ರಿ ಮಾವಾರ" ಎಂದ ಹೆಂಡತಿಯ ತಮ್ಮ, "ಹಕ್ಕಿ ಕಾಯೂ ಮಂಚಿಕಿ ಕಟ್ಟೂದು ಉಳೀತು." ಎರಡು ವರ್ಷಕ್ಕೆ ಸಾಲುವಷ್ಟು ಚುಚ್ಚುಮಾತನ್ನೆಲ್ಲ ಅವನು ಆ ನಾಲ್ಕು ದಿನದಲ್ಲಿ ಆಡಿ ಮುಗಿಸಿದ. ನಾನು ಹೂಂ ಎಂದೆ.

ಐದನೆಯ ದಿನ ನೇರವಾಗಿ ಶಹಾಬಾದಕ್ಕೆ ಹೋದೆ. ಮಡ್‌ಗಾರ್ಡಿನೊಳಗೆ ಇನ್ನೂ ಗಟ್ಟಿ ಮಣ್ಣು ಕಚ್ಚಿಕೊಂಡಿತ್ತು. ಉಸ್ತಾದರು ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಮುರಿದು, ಮೂಸಿ ನೋಡಿದರು.

"ಐನಾಪುರ?"

"ಹೌದ್ರಿ."

"ಆರರದು ಹಾಕ್ಲಾ?"

"ಹಾಕ್ರಿ."

"ಹಳೇವು ಎರಡು ಚಲೋ ಇದ್ದವಲ್ಲ, ಅವನ್ನೇ ಹಾಕಬಹುದಿತ್ತು. ಎಲ್ಲಿ ಅವು?"

"ಬೀಗರ ಬಂಡಿಗಿ ಹತ್ಯಾವ, ಅವರು ಕೊಡಂಗಿಲ್ರಿ" ಎಂದೆ. "ಮುಂದಿನ ಎಳ್ಳಮಾಸಿಗಿ ನಮ್ಮ ಅತ್ತಿ ಅದರ ಮ್ಯಾಲೇ ಹೋಗ್ತಾರಂತ. ನನಗೂ ಹಿಂದ ಅಡಿಗಿ ಗಡಿಗಿ ಪಕ್ಕಕ್ಕ ಜಾಗ ಇಟ್ಟಾರಂತ."